ಫಿಲ್ಟರ್ ಹಾಕಿದ್ದು ನಾನಲ್ಲ

ಮಾರ್ಚ್ ೩, ಬೆಳಿಗ್ಗೆ

ಅಕ್ಷರ ಸೊಟ್ಟಗಿದೆ, ಒತ್ತು ದೀರ್ಘ ತಪ್ಪಿರುತ್ತವೆ. ಮನ್ನಿಸಬೇಕು. ಯಾರು ಮನ್ನಿಸಬೇಕೋ ಗೊತ್ತಿಲ್ಲ, ಇದನ್ನು ಓದುವವರು ಯಾರೂ ಇಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಇಷ್ಟು ಬರುವುದೇ ಹೆಚ್ಚು. ಸಾಲದ್ದಕ್ಕೆ ಬೆರಳಿಗೆ ಎಣ್ಣೆ — ಪೆನ್ನು ಜಾರುತ್ತದೆ.

ಈಗಷ್ಟೇ ಆಯಿಲ್ ನೋಡಿ ಬಂದೆ. ದಿನಾ ಇದೇ ಮೊದಲ ಕೆಲಸ. ಚಿಕ್ಕಪ್ಪ ಕಾರು ತೆಗೆದುಕೊಂಡು ಟ್ಯಾಕ್ಸಿ ಸ್ಟ್ಯಾಂಡಿಗೆ ಹೋಗುವ ಮುಂಚೆ ಇಂಜಿನ್ನಿನ ಅಳತೆ ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ನೋಡುವುದು. ಮಟ್ಟ ಸರಿಯಿದೆ. ಬಣ್ಣ ಕಪ್ಪಾಗುತ್ತಿದೆ, ಆದರೆ ಬೆರಳಲ್ಲಿ ಉಜ್ಜಿದರೆ ಇನ್ನೂ ಚೆನ್ನಾಗಿ ಜಾರುತ್ತದೆ. ಆಯಿಲ್‌ಗೆ ಇನ್ನೂ ಅರ್ಧ ಆಯಸ್ಸಿದೆ. ಅದನ್ನು ಸೋಸುವ ಫಿಲ್ಟರಿಗಿಲ್ಲ. ಕಲ್ಲು ಒಡೆಯುವ ಕಡೆಗೇ ಬಾಡಿಗೆ ಜಾಸ್ತಿ, ಆ ಧೂಳು ಎಲ್ಲಿಗೆ ಹೋಗಬೇಕು?

ಅಪ್ಪ ಕಾರು ಓಡಿಸುತ್ತಿದ್ದಾಗಿನ ಪದ್ಧತಿ ಇದು — ಆಯಿಲ್ ಒಂದು ಸಲ ಬದಲಾದರೆ ಫಿಲ್ಟರ್ ಎರಡು ಸಲ. ಮಧ್ಯದಲ್ಲೊಮ್ಮೆ ಫಿಲ್ಟರ್ ಮಾತ್ರ ಬಿಚ್ಚಿ ಹೊಸದು ಹಾಕಿ, ಚೆಲ್ಲಿದಷ್ಟು ಆಯಿಲ್ ಮೇಲಿಂದ ತುಂಬುವುದು. ಬೆನ್ನು ಹೋದ ಮೇಲೆ ಅಪ್ಪನಿಗೆ ಕಾರಿನ ಕೆಳಗೆ ನುಗ್ಗಲು ಆಗುವುದಿಲ್ಲ. ನಾನು ನುಗ್ಗುತ್ತೇನೆ. ಅಪ್ಪ ಅಂಗಳದ ಕುರ್ಚಿಯಲ್ಲಿ ಕೂತಿರುತ್ತಾನೆ. ಹಳೇ ಫಿಲ್ಟರ್ ಬಿಚ್ಚಿದ ತಕ್ಷಣ ಅವನ ಕೈಗೆ ಕೊಡಬೇಕು. ಬಾಯಿಯ ಸುತ್ತ ರಬ್ಬರ್ ರಿಂಗ್ ಇದೆಯೋ ಇಲ್ಲವೋ ಬೆರಳಾಡಿಸಿ ನೋಡುತ್ತಾನೆ. ಕೆಲವು ಸಲ ಆ ರಿಂಗ್ ಇಂಜಿನ್ನಿಗೇ ಅಂಟಿಕೊಂಡು ಉಳಿದುಬಿಡುತ್ತದೆ. ಅದರ ಮೇಲೆ ಹೊಸದನ್ನು ಕೂರಿಸಿದರೆ ರಿಂಗಿನ ಮೇಲೆ ರಿಂಗು — ಒಂದೆರಡು ದಿನ ಸುಮ್ಮನಿದ್ದು ಆಮೇಲೆ ಇದ್ದ ಆಯಿಲ್ ಎಲ್ಲ ರಸ್ತೆಗೆ. ಅಪ್ಪ "ಹಾಕು" ಅಂದ ಮೇಲೇ ಹೊಸದು.

ಚಿಕ್ಕಪ್ಪನಿಗೆ ಇದೆಲ್ಲ ತಮಾಷೆ. "ಆಯಿಲ್ ಬಿಟ್ಟು ಫಿಲ್ಟರ್ ಒಂದೇ ಹಾಕೋದು ಅಂದ್ರೆ, ಸ್ನಾನ ಮಾಡಿ ಕೊಳೆ ಬಟ್ಟೆನೇ ಹಾಕ್ಕೊಂಡ ಹಾಗೆ" ಅಂದರು ಇವತ್ತೂ.

ಹೇಳಬೇಕು ಅನ್ನಿಸಿತು — ಅಲ್ಲ ಚಿಕ್ಕಪ್ಪ, ಟೀ ಚೆಲ್ಲದೆ ಸೋಸೋ ಬಟ್ಟೆ ತೊಳೆದ ಹಾಗೆ. ಹೇಳಲಿಲ್ಲ. ನನ್ನ ಉತ್ತರಗಳೆಲ್ಲ ಅವರು ಗೇಟು ದಾಟಿದ ಮೇಲೇ ಬರುತ್ತವೆ.

ಮಾರ್ಚ್ ೬

ಹಿಂದಿನ ಬೀದಿಯ ನರ್ಸಕ್ಕ ಬಂದಿದ್ದರು. ಅವರ ಪುಟ್ಟ ಕಾರಿಗೂ ಹೀಗೇ ಫಿಲ್ಟರ್ ಹಾಕಿಕೊಡಬೇಕಂತೆ. ನನ್ನನ್ನೇ ಕೇಳಿದರು. ಅಪ್ಪನನ್ನಲ್ಲ, ನನ್ನನ್ನು.

"ಡ್ಯೂಟಿಗೆ ಹೊತ್ತಲ್ಲದ ಹೊತ್ತಲ್ಲಿ ಓಡಾಡೋಳು ನಾನು. ದಾರೀಲಿ ಕೈಕೊಟ್ರೆ ಕಷ್ಟ. ನೀನಾದ್ರೆ ನಿಧಾನಕ್ಕೆ, ನೀಟಾಗಿ ಮಾಡ್ತೀಯ."

ತಲೆ ಆಡಿಸಿದೆ. ಅವರು ಚೆನ್ನಾಗಿ ಮಾಡಿದಳು ಅಂದರೆ ಅವರ ಆಸ್ಪತ್ರೆಯವರೂ ಬರಬಹುದು. ಅಂಗಳದಲ್ಲಿ ಒಂದು ಕಾರಿಗೆ ಜಾಗವಿದೆ. ಬೋರ್ಡು ಬೇಡ. ಜನ ಗೇಟಿನ ಹತ್ತಿರ ಬಂದು ಅಪ್ಪನ ಹೆಸರು ಬಿಟ್ಟು ನನ್ನ ಹೆಸರು ಕೂಗಿದರೆ ಸಾಕು.

ಇದನ್ನೆಲ್ಲ ಜೋರಾಗಿ ಹೇಳಿಕೊಂಡರೆ ನಾಚಿಕೆಯಾಗುತ್ತದೆ. ಬರೆದರೆ ಆಗುವುದಿಲ್ಲ.

ಮಾರ್ಚ್ ೭, ಮಧ್ಯಾಹ್ನ

ಹೊಸ ಫಿಲ್ಟರ್ ತಂದಿಟ್ಟೆ. ನಾಳೆ ಭಾನುವಾರ, ಕಾರು ಮನೆಯಲ್ಲಿರುತ್ತದೆ, ಹಾಕೋಣ ಅಂತ. ಅಷ್ಟರಲ್ಲಿ ಅಕ್ಕನ ಫೋನ್. ಮಗುವಿಗೆ ಜ್ವರ, ಭಾವ ಊರಲ್ಲಿಲ್ಲ, ಬೇಗ ಬಾ ಅಂತ. ಮೂರರ ಬಸ್ಸಿಗೆ ಹೊರಟೆ. ಅಪ್ಪನಿಗೆ ಹೇಳಿದ್ದೇನೆ — ಫಿಲ್ಟರ್ ಕಪಾಟಿನ ಮೇಲಿದೆ, ನಾನು ಬಂದ ಮೇಲೆ ಹಾಕುತ್ತೇನೆ, ಒಂದು ವಾರ ತಡವಾದರೆ ಏನೂ ಆಗುವುದಿಲ್ಲ. ಸರಿ ಅಂದ.

ಮಾರ್ಚ್ ೧೭

ಸಿಟ್ಟಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಇನ್ನೂ ಕೆಟ್ಟದಾಗಿದ್ದರೆ ಅದಕ್ಕೇ.

ಮಗು ಚೆನ್ನಾಗಿದೆ. ಬೆಳಗಿನ ಬಸ್ಸಿಗೆ ಬಂದೆ. ಟ್ಯಾಕ್ಸಿ ಸ್ಟ್ಯಾಂಡಿನ ಎದುರಿಗೇ ಇಳಿಸುತ್ತಾರೆ. ಇಳಿದು ನೋಡಿದರೆ ನಮ್ಮ ಕಾರು, ಬಾನೆಟ್ ಎತ್ತಿದೆ, ಸುತ್ತ ಜನ. ಕೆಳಗೆ ಆಯಿಲ್ — ಚರಂಡಿಯವರೆಗೂ ಹರಿದಿದೆ. ಸ್ಟ್ಯಾಂಡಿನ ಮೆಕ್ಯಾನಿಕ್ ಕಾರಿನಡಿಯಿಂದ ಹೊರಗೆ ಬಂದ. ಬೆರಳಲ್ಲಿ ಎರಡು ರಬ್ಬರ್ ರಿಂಗು. ಒಂದು ಹೊಸದು, ಒಂದು ಚಪ್ಪಟೆಯಾಗಿ ಗಟ್ಟಿಯಾದದ್ದು. ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು ಕೇಳಿದ.

"ಯಾರಪ್ಪ ಇದು, ಎರಡೆರಡು ಹಾಕಿರೋ ಪುಣ್ಯಾತ್ಮ?"

ಚಿಕ್ಕಪ್ಪನ ಕಣ್ಣು ನನ್ನ ಮೇಲೆ ಬಿತ್ತು. ನಾನು ಕೈಯಲ್ಲಿ ಬ್ಯಾಗು ಹಿಡಿದು ನಿಂತಿದ್ದೆ.

"ಬಂದ್ರು ನೋಡಿ ನಮ್ಮನೆ ಇಂಜಿನಿಯರಮ್ಮ" ಅಂದರು. "ಅವಳದೇ ಕೈಕೆಲಸ. ಊರಿಗೆ ಹೋಗೋ ಅವಸರದಲ್ಲಿ ಹಾಕಿ ಹೋಗಿದ್ದಾಳೆ. ಆಯಿಲ್ ಲೈಟ್ ಹತ್ತಿದ ಕೂಡ್ಲೇ ನಾನು ಆಫ್ ಮಾಡಿದ್ದಕ್ಕೆ ಇಂಜಿನ್ ಉಳೀತು."

ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಮಗು ನೀರು ಚೆಲ್ಲಿದರೆ ನಗುತ್ತಾರಲ್ಲ, ಆ ಥರ. ಒಬ್ಬರು "ಪರವಾಗಿಲ್ಲ ಬಿಡಮ್ಮ, ಕಲೀತೀಯ" ಅಂದರು.

ನಾನು ಹಾಕಿಲ್ಲ. ಕಪಾಟಿನ ಮೇಲಿಟ್ಟು ಹೋದೆ. ಬಾಯಿ ತೆರೆದೆ. ಗಾಳಿ ಬಂತು, ಮಾತು ಬರಲಿಲ್ಲ. ಮನೆಗೆ ನಡೆದುಬಂದೆ.

ಅದೇ ದಿನ, ಸಂಜೆ

ಅಮ್ಮ ಹೇಳಿದಳು. ನಾನು ಹೋದ ಮರುದಿನದ ಭಾನುವಾರವಲ್ಲ, ಮೊನ್ನೆ ಭಾನುವಾರ ಚಿಕ್ಕಪ್ಪನೇ ಹಾಕಿದ್ದಂತೆ. ಸ್ಟ್ಯಾಂಡಿನಲ್ಲಿ ಯಾರೋ "ಕಾರು ನಿಂದೋ, ನಿಮ್ಮನೆ ಹುಡುಗೀದೋ" ಅಂತ ರೇಗಿಸಿದ್ದರಂತೆ. ರೋಷ ಬಂದು ತಾವೇ ಕೆಳಗೆ ನುಗ್ಗಿದ್ದಾರೆ. ದೊಡ್ಡ ಪಾನಾ ಹಾಕಿ ಬಿಗಿದಿದ್ದಾರೆ. ಕೈಯಲ್ಲಿ ಬಿಗಿಯುವ ಸಾಮಾನಿಗೆ ಪಾನಾ!

ಅದಿರಲಿ. ಅಪ್ಪ ಅಲ್ಲೇ ಕುರ್ಚಿಯಲ್ಲಿ ಕೂತಿದ್ದನಂತೆ. "ಹಳೇದು ಕೊಡೋ ಇಲ್ಲಿ, ನೋಡ್ತೀನಿ" ಅಂದನಂತೆ. "ಅದ್ರಲ್ಲಿ ನೋಡೋಕೇನಿದೆ ಅಣ್ಣ" ಅಂತ ಚಿಕ್ಕಪ್ಪ ಅದನ್ನು ಕಸದ ಡಬ್ಬಕ್ಕೆ ಎಸೆದರಂತೆ.

ಹಾಗಾದರೆ ಅಪ್ಪನಿಗೆ ಗೊತ್ತಿದೆ. ಎಲ್ಲ ಗೊತ್ತಿದೆ. ಮಧ್ಯಾಹ್ನ ಚಿಕ್ಕಪ್ಪ ಊಟಕ್ಕೆ ಕೂತು "ಇನ್ನು ಇವಳು ಕಾರು ಮುಟ್ಟೋದು ಬೇಡ ಅಣ್ಣ, ಜನ ನಗ್ತಾರೆ" ಅಂದಾಗ, ಅಪ್ಪ ಅನ್ನ ಕಲಸುತ್ತಿದ್ದ. ಕಲಸುತ್ತಲೇ ಇದ್ದ.

ಮಾರ್ಚ್ ೧೮

ಅಪ್ಪನನ್ನು ಕೇಳಿದೆ. ಅವನೊಬ್ಬನ ಹತ್ತಿರ ನನಗೆ ಮಾತು ಬರುತ್ತದೆ.

"ಹಾಕಿದ್ದು ಯಾರು ಅಂತ ನಿಂಗೆ ಗೊತ್ತಲ್ವ?"

"ಗೊತ್ತು."

"ಮತ್ಯಾಕೆ ಸುಮ್ನಿದ್ದೆ?"

ಬೆನ್ನು ನೀವಿಕೊಂಡ. ಆಮೇಲೆ ಅಂದ — "ನೋಡು ಪುಟ್ಟಿ, ಅವನು ನಾಲ್ಕು ಜನದ ಮಧ್ಯೆ ದುಡಿಯೋನು. ಅಲ್ಲಿ ಅವನ ಮುಖ ಕೆಟ್ರೆ ಬಾಡಿಗೆ ಕೆಡುತ್ತೆ. ನೀನು ಮನೇಲಿರೋಳು. ನಿನ್ನನ್ನ ಯಾರು ಕೇಳ್ತಾರೆ?"

ನಿನ್ನನ್ನ ಯಾರು ಕೇಳ್ತಾರೆ.

ಬೈದಿದ್ದರೆ ಅತ್ತು ಮರೆಯುತ್ತಿದ್ದೆ. ಹೊಡೆದಿದ್ದರೂ ಮರೆಯುತ್ತಿದ್ದೆನೇನೋ. ಅವನು ಅದನ್ನು ಪ್ರೀತಿಯಿಂದ ಹೇಳಿದ. ತಲೆ ಸವರಿ ಹೇಳಿದ. ನನಗೆ ಕಳೆದುಕೊಳ್ಳಲು ಏನೂ ಇಲ್ಲವಂತೆ, ಅದಕ್ಕೇ ನನ್ನ ಮರ್ಯಾದೆ ತೆಗೆದು ಚಿಕ್ಕಪ್ಪನಿಗೆ ಕೊಟ್ಟಿದ್ದಾನೆ. ನನ್ನನ್ನು ಕೇಳಿದ್ದರೆ ಕೊಡುತ್ತಿದ್ದೆನೋ ಏನೋ. ಕೇಳಲೇ ಇಲ್ಲ.

ಮಾರ್ಚ್ ೨೦

ಯಾರು ಕೇಳುತ್ತಾರೆ ಅಂದನಲ್ಲ. ನರ್ಸಕ್ಕ ಕೇಳಿದ್ದರು.

ಇವತ್ತು ಗೇಟಿನ ಹೊರಗೇ ನಿಂತು ಹೇಳಿದರು, "ಸದ್ಯಕ್ಕೆ ಬೇಡ ಕಣಮ್ಮ. ಆಮೇಲೆ ನೋಡೋಣ. ಬೇಜಾರು ಮಾಡ್ಕೋಬೇಡ." ಅವರ ತಪ್ಪಲ್ಲ. ಊರೆಲ್ಲ ಎರಡು ರಿಂಗಿನ ಕಥೆ ಓಡಾಡುತ್ತಿದೆ. ಮೂಲೆಯ ಅಂಗಡಿಯವನು ಸೋಪು ಕೊಡುತ್ತಾ "ಒಂದು ಸಾಕಾ, ಎರಡು ಕೊಡ್ಲಾ?" ಅಂದು ತಾನೇ ನಕ್ಕ.

ನಾನೂ ನಕ್ಕೆ. ಅದಕ್ಕೇ ಹೆಚ್ಚು ಸಿಟ್ಟು ಬಂದಿದೆ. ಯಾಕೆ ನಕ್ಕೆ?

ಅಪ್ಪನಿಗೆ ನರ್ಸಕ್ಕ ಬೇಡ ಅಂದದ್ದು ಹೇಳಿದೆ. "ಹೋಗ್ಲಿ ಬಿಡು, ಇನ್ನೊಬ್ರು ಬರ್ತಾರೆ" ಅಂದ. ಯಾವ ಇನ್ನೊಬ್ಬರು?

ಮಾರ್ಚ್ ೨೨

ಆಯಿಲ್ ನೋಡುವುದು ಬಿಟ್ಟು ನಾಲ್ಕು ದಿನ. ಮುಟ್ಟಬೇಡ ಅಂದರಲ್ಲ, ಮುಟ್ಟುತ್ತಿಲ್ಲ. ಬೆಳಿಗ್ಗೆ ಚಿಕ್ಕಪ್ಪ ಬಾನೆಟ್ ಎತ್ತಿ, ಸುಮ್ಮನೆ ಒಳಗೆ ನೋಡಿ, ಮುಚ್ಚಿದರು. ನೆಲದ ಮೇಲೆ ಚಿಕ್ಕ ಕಲೆ ಬಿದ್ದಿದೆ, ಮೆಕ್ಯಾನಿಕ್ ಹಳೇ ರಿಂಗು ತೆಗೆದು ಅದೇ ಫಿಲ್ಟರ್ ಹಾಕಿದ್ದಾನೆ, ಪಾನಾ ಕಚ್ಚಿ ತಗ್ಗು ಬಿದ್ದದ್ದು. ಒಸರುತ್ತಿದೆ. ಅಡುಗೆಮನೆಯ ಕಿಟಕಿಯಿಂದಲೇ ನನಗೆ ಕಾಣುತ್ತದೆ. ಹೇಳಲಿಲ್ಲ. ಕಾರಿಗೇನೂ ತಪ್ಪಿಲ್ಲ, ಪಾಪ ಅನ್ನಿಸಿತು. ಆದರೂ ಹೇಳಲಿಲ್ಲ.

ಚಿಕ್ಕಪ್ಪನನ್ನು 'ಅವರು' ಅಂತ ಬರೆಯಲು ಮನಸ್ಸಿಲ್ಲ. ಕೈ ಮಾತ್ರ ಹಾಗೇ ಬರೆಯುತ್ತದೆ.

ಮಾರ್ಚ್ ೨೬, ಮಧ್ಯಾಹ್ನ

ಹೇಳಿದೆ.

ಅಮ್ಮನಿಗೆ ತಲೆನೋವು, ಚಿಕ್ಕಪ್ಪನ ಊಟದ ಡಬ್ಬಿ ನಾನೇ ಸ್ಟ್ಯಾಂಡಿಗೆ ಕೊಂಡುಹೋದೆ. ಡ್ರೈವರುಗಳೆಲ್ಲ ನೆರಳಲ್ಲಿ ಕೂತಿದ್ದರು. ಚಿಕ್ಕಪ್ಪ ಡಬ್ಬಿ ಇಸಿದುಕೊಂಡು, ಮುಚ್ಚಳ ಬಿಚ್ಚಿ, ಎಲ್ಲರಿಗೂ ಕೇಳುವ ಹಾಗೆ ಅಂದರು — "ನೋಡ್ರಪ್ಪ, ಇದಕ್ಕೂ ಎರಡು ಮುಚ್ಚಳ ಹಾಕಿದ್ದಾಳಾ ಅಂತ."

ಮತ್ತೆ ಅದೇ ನಗು.

"ಆ ಭಾನುವಾರ ನಾನು ಅಕ್ಕನ ಮನೇಲಿದ್ದೆ" ಅಂದೆ.

ಯಾರಿಗೂ ಕೇಳಿಸಲಿಲ್ಲ. ನನ್ನ ದನಿ ಅಷ್ಟೇ. ಮೆಕ್ಯಾನಿಕ್ ಒಬ್ಬನೇ "ಏನಮ್ಮ?" ಅಂದ. ಅಲ್ಲೇ ಓಡಿಹೋಗಬಹುದಿತ್ತು. ಕಾಲು ಆ ಕಡೆಗೇ ತಿರುಗಿತ್ತು. ಆದರೂ ಇನ್ನೊಂದು ಸಲ ಹೇಳಿದೆ.

"ಫಿಲ್ಟರ್ ಹಾಕಿದ ಭಾನುವಾರ ನಾನು ಊರಲ್ಲೇ ಇರ್ಲಿಲ್ಲ. ಅಕ್ಕನ ಮನೇಲಿದ್ದೆ. ಚಿಕ್ಕಪ್ಪ, ಹಾಕಿದ್ದು ನಾನಲ್ಲ."

ನಗು ನಿಂತಿತು. ಹಿರಿಯ ಡ್ರೈವರ್ ಒಬ್ಬರು ಬೀಡಿ ಕೆಳಗಿಟ್ಟು, "ಹಂಗಾದ್ರೆ ಹಾಕಿದ್ದು ಯಾರೋ?" ಅಂದರು. ಚಿಕ್ಕಪ್ಪ ಡಬ್ಬಿಯನ್ನೇ ನೋಡುತ್ತಿದ್ದರು. ಒಳಗೆ ಮೊಸರನ್ನ ಬಿಟ್ಟರೆ ಏನೂ ಇರಲಿಲ್ಲ.

ಹೇಗೆ ಮನೆಗೆ ಬಂದೆನೋ ಗೊತ್ತಿಲ್ಲ. ಚಪ್ಪಲಿ ಕೈಯಲ್ಲಿತ್ತು. ಯಾವಾಗ ಬಿಚ್ಚಿದೆ?

ಅದೇ ದಿನ, ದೀಪ ಹಚ್ಚುವ ಹೊತ್ತು

ಸುದ್ದಿ ನನಗಿಂತ ಮುಂಚೆ ಅಪ್ಪನನ್ನು ಮುಟ್ಟಿತ್ತು. ಬೈದ. ಬೆನ್ನು ಹಿಡಿದುಕೊಂಡೇ ಎದ್ದು ನಿಂತು ಬೈದ.

"ಮನೆ ಮರ್ಯಾದೆನ ರಸ್ತೇಲಿ ಹರಾಜು ಹಾಕಿ ಬಂದ್ಯಲ್ಲ. ನಂಗೆ ಹೇಳಿದ್ರೆ ನಾನು ನೋಡ್ಕೋತಿರ್ಲಿಲ್ವ?"

"ನಿಂಗೆ ಹೇಳ್ದೆ" ಅಂದೆ. "ಎರಡು ಸಲ."

ಅಮ್ಮ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದವಳು ಒಳಗಿನಿಂದಲೇ ಅಂದಳು — "ಮನೆ ಮರ್ಯಾದೆ, ಮನೆ ಮರ್ಯಾದೆ. ಅವಳ ಮರ್ಯಾದೆ ಯಾವ ಮನೇದಂತೆ? ಪಕ್ಕದ ಮನೇದಾ?"

ಅಪ್ಪ ಕೂತ. ಚಿಕ್ಕಪ್ಪ ಊಟಕ್ಕೆ ಬರಲಿಲ್ಲ. ಅಮ್ಮ ಅವರ ತಟ್ಟೆಯನ್ನೂ ಇಟ್ಟಳು, ಅವಳ ರೀತಿ ಅದು.

ಮಾರ್ಚ್ ೨೯

ಚಿಕ್ಕಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಮೊದಲೂ ಆಡುತ್ತಿದ್ದದ್ದು ಗೇಲಿ ಮಾತ್ರ, ಹಾಗಾಗಿ ನಷ್ಟವೇನಿಲ್ಲ.

ನರ್ಸಕ್ಕ ಬಂದಿದ್ದರು. ಈ ಸಲ ಗೇಟಿನ ಒಳಗೆ. "ಅದು ನೀನಲ್ವಂತೆ?"

"ಯಾರು ಹೇಳಿದ್ರು ಅಕ್ಕ?"

"ಎಲ್ರೂ ಹೇಳ್ತಿದ್ದಾರೆ."

ಎಲ್ಲರೂ. ಮೊನ್ನೆವರೆಗೆ ನಾನೇ ಅಂದದ್ದೂ ಅದೇ ಎಲ್ಲರು. ಒಬ್ಬರಾದರೂ ನನ್ನನ್ನು ಕೇಳಿದರಾ? "ನನ್ನ ಕಾರು ಯಾವಾಗ ತರ್ಲಿ?" ಅಂತ ಅವರೇ ಕೇಳಿದರು. ಖುಷಿಯಿಂದ ಕುಣಿಯಬೇಕಿತ್ತು. "ನಮ್ಮ ಕಾರಿನ ಕೆಲಸ ಮೊದ್ಲು ಮುಗೀಲಿ ಅಕ್ಕ, ಆಮೇಲೆ ಹೇಳ್ತೀನಿ" ಅಂದೆ. ಹಾಗೆ ಹೇಳಿದ್ದು ನಾನೇ ಅಂತ ಈಗಲೂ ನಂಬಿಕೆ ಬರುತ್ತಿಲ್ಲ.

ಆದರೆ ನಮ್ಮ ಕಾರನ್ನು ಮುಟ್ಟಲು ನನ್ನನ್ನು ಯಾರೂ ಕರೆದಿಲ್ಲ. ಕರೆಯದೆ ಮುಟ್ಟುವುದಿಲ್ಲ.

ಏಪ್ರಿಲ್ ೨, ಬೆಳಿಗ್ಗೆ

ಎದ್ದು ಬಾಗಿಲು ತೆಗೆದರೆ ಕಾರು ಅಂಗಳದಲ್ಲೇ ಇದೆ. ಚಿಕ್ಕಪ್ಪ ಇಲ್ಲ. ಕೀ ಬಾನೆಟ್ಟಿನ ಮೇಲೆ. ಪಕ್ಕದಲ್ಲಿ ಡಬ್ಬಿ ಒಡೆಯದ ಹೊಸ ಫಿಲ್ಟರ್. ಸ್ಟ್ಯಾಂಡಿಗೆ ನಡೆದುಕೊಂಡು ಹೋದರಂತೆ. ಹತ್ತು ಗಂಟೆಗೆ ಬಾಡಿಗೆ ಇದೆ, ಅಷ್ಟರೊಳಗೆ ಆಗುತ್ತಾ ಕೇಳು ಅಂದರಂತೆ ಅಮ್ಮನ ಹತ್ತಿರ.

ತಪ್ಪಾಯ್ತು ಅನ್ನಲಿಲ್ಲ. ಫಿಲ್ಟರ್ ತಂದಿಟ್ಟರು. ಫಿಲ್ಟರ್ ತಂದರೆ ತಪ್ಪಾಯ್ತು ಅಂದ ಹಾಗಲ್ಲ, ಇದನ್ನು ನೆನಪಿಡುತ್ತೇನೆ.

ಅಪ್ಪ ಆಗಲೇ ಕುರ್ಚಿ ಹಾಕಿಕೊಂಡು ಕೂತಿದ್ದ. "ನಾನೂ ಅವತ್ತೇ ಹೇಳ್ಬೇಕಿತ್ತು" ಅಂದ, ನನಗಲ್ಲ, ಕಾರಿಗೆ ಹೇಳಿದ ಹಾಗೆ. ನಾನು ಹೂಂ ಅನ್ನಲಿಲ್ಲ. ಇರಲಿ, ಸ್ವಲ್ಪ ದಿನ ಹಾಗೇ ಇರಲಿ.

ಟ್ರೇ ಇಟ್ಟು ಕೆಳಗೆ ನುಗ್ಗಿದೆ. ತಗ್ಗು ಬಿದ್ದ ಫಿಲ್ಟರ್ ಬಿಚ್ಚಿ ಅಪ್ಪನ ಕೈಗೆ ಕೊಟ್ಟೆ, "ಹಾಕು" ಅಂದ. ಕೂರುವ ಜಾಗ ಒರೆಸಿದೆ, ಹೊಸದರ ರಿಂಗಿಗೆ ಬೆರಳಲ್ಲಿ ಆಯಿಲ್ ಸವರಿದೆ, ತಾಗುವವರೆಗೆ ತಿರುಗಿಸಿ ಮೇಲೆ ಮುಕ್ಕಾಲು ಸುತ್ತು, ಕೈಯಲ್ಲೇ. ಕಡಿಮೆಯಾದಷ್ಟು ತುಂಬಿದೆ. ಇನ್ನು ಇಂಜಿನ್ ಚಾಲು ಮಾಡಿ ಸೋರುತ್ತದಾ ನೋಡಬೇಕು.

ಇಷ್ಟು ದಿನ ಹೊರಗೆ ನಿಂತೇ ಕಿಟಕಿಯೊಳಗೆ ಕೈ ಚಾಚಿ ಕೀ ತಿರುಗಿಸುತ್ತಿದ್ದೆ. ಇವತ್ತು ಬಾಗಿಲು ತೆಗೆದು ಕೂತೆ. ಕಾಲು ಪೆಡಲಿಗೆ ಎಟುಕಲಿಲ್ಲ. ಸೀಟನ್ನು ಮುಂದಕ್ಕೆ ಎಳೆದುಕೊಂಡು ಕೀ ತಿರುಗಿಸಿದೆ. ಇಳಿದು ಬಗ್ಗಿ ನೋಡಿದೆ, ಒಂದು ಹನಿಯೂ ಸೋರಿಲ್ಲ. ಸೀಟನ್ನು ಹಿಂದಕ್ಕೆ ತಳ್ಳಲಿಲ್ಲ, ಹಾಗೇ ಬಿಟ್ಟೆ.