ಗೂಟ ಸರಿಸಿದ ನೆಲ

ತಂಗಿ,

ನನ್ನ ಮೈದುನನ ಹೆಂಡತಿಯಾಗಿ ಈ ಮನೆಗೆ ಬಂದ ವರ್ಷವೇ ನೀನು ಹಸುಗಳನ್ನು ಕೊಟ್ಟಿಗೆಯಿಂದ ಬಿಚ್ಚಿ, ಬೇಲಿ ಪಕ್ಕದ ಬರಡು ನೆಲದಲ್ಲಿ ಕಟ್ಟಿದೆ. ದಿನಾ ಸಂಜೆ ಗೂಟಗಳನ್ನು ಕಿತ್ತು ಸ್ವಲ್ಪ ಆಚೆ ನೆಡುತ್ತಿದ್ದೆ. ಸಗಣಿ, ಗಂಜಲ ಬಿದ್ದಲ್ಲೇ ಮಣ್ಣಿಗೆ ಸೇರುತ್ತಿತ್ತು.

“ಹಸುಗಳಿಗೆ ಊರು ತೋರಿಸ್ತಿದ್ದೀಯೇನೇ?” ಎಂದಿದ್ದೆ ನಾನು.

“ಇಲ್ಲ ಅಕ್ಕ, ನೆಲಕ್ಕೆ ಊಟ ಬಡಿಸ್ತಿದ್ದೀನಿ.”

ಮನೆ ಪಾಲಾಗಿ ನೀವು ಬೇರೆ ಊರು ಸೇರಿದ ಮೇಲೆ ಆ ನೆಲ ನಮಗೆ ಉಳಿಯಿತು. ಇವತ್ತು ಅಲ್ಲಿ ಜೋಳ ಕೊಯ್ದೆವು. ಒಂದೊಂದು ತೆನೆಯೂ ಮುಷ್ಟಿಗೆ ಸಿಗದಷ್ಟು ದಪ್ಪ. ಮೇಲಿನ ಹೊಲಕ್ಕೆ ಚೀಲಗಟ್ಟಲೆ ಅಂಗಡಿ ಗೊಬ್ಬರ ಸುರಿದರೂ ಅಲ್ಲಿ ಇದರ ಅರ್ಧವೂ ಇಲ್ಲ.

“ಯಾರ ಕೈಗುಣವೋ ಇದು!” ಎಂದರು ನಿನ್ನ ಭಾವ.

“ಯಾರದು ಅಂತ ನಿಮಗೂ ಗೊತ್ತು,” ಎಂದೆ.

ಸಂಜೆ ಮೇಲಿನ ಹೊಲದಲ್ಲಿ ನಾನೇ ಗೂಟ ನೆಟ್ಟೆ. ಕೆಂಪು ಹಸು ಮಾತ್ರ ಜಪ್ಪಯ್ಯ ಅಂದರೂ ಕೊಟ್ಟಿಗೆ ಬಿಟ್ಟು ಕದಲಲಿಲ್ಲ. ಕೊನೆಗೆ ನಿನ್ನ ಹಾಗೆಯೇ ರಾಗ ಎಳೆದು, “ಬಾರೇ ನನ್ನ ಚಿನ್ನಾ” ಎಂದು ಕರೆದೆ. ಆಳುಗಳೆಲ್ಲ ನಕ್ಕರು, ನಗಲಿ.

ಹಸು ಓಡಿ ಬಂತು. ಬಂದು, ನನ್ನ ಹಿಂದೆ ನೀನಿದ್ದೀಯೇನೋ ಎಂದು ಕತ್ತು ಚಾಚಿ ನೋಡಿತು.

ನಾನೂ ತಿರುಗಿ ನೋಡಿದೆ.