ಮಲ್ಲಿಗೆ ಗಿಡದ ಬಾಯಾರಿಕೆ

ಸೋಲಾಪುರ, ೨೨ ಜನವರಿ ೧೯೭೫, ಬುಧವಾರ

ಅಂಗಳದ ಆರೂ ಕುಂಡಗಳ ಮಣ್ಣು ಇಂದೂ ಹಸಿ. ನಾನಂತೂ ನೀರು ಹಾಕಿಲ್ಲ. ಅಕ್ಕಲಕೋಟದ ಮಾಲಿ ಅಷ್ಟು ಹೇಳಿದ್ದ: “ಎಲಿ ಎಲ್ಲಾ ತಗದು ಹದಿನೈದು ದಿನ ನೀರು ಬಂದ್ ಮಾಡ್ರಿ ಅಕ್ಕಾರ. ಆಮ್ಯಾಲ ಗಿಡದ ತುಂಬ ಮಲ್ಲಿಗಿ ನೋಡ್ರಿ.” ಇಂದಿಗೆ ಒಂಬತ್ತು ದಿನ. ನೀರು ಸಿಕ್ಕಿದ್ದಕ್ಕೆ ಬೋಳು ಗಿಡದಲ್ಲಿ ಆಗಲೇ ಎಳೆ ಎಲೆ ಬಂದಿದೆ. ಇನ್ನು ಮೊಗ್ಗಿನ ಆಸೆ ಬಿಟ್ಟಂತೆಯೇ.

ಸಂಜೆ ಅತ್ತೆ ಚೆಂಬಿನ ಸಮೇತ ಸಿಕ್ಕಿಬಿದ್ದರು. ಜೋರಾಗಿಯೇ ಕೇಳಿದೆ.

“ನೀರಿಲ್ದ ಹ್ಯಾಂಗ ಬದುಕ್ತಾವ ಯವ್ವಾ? ನನಗ ನೋಡಾಕ ಆಗವಲ್ದು” ಎಂದರು.

ಇನ್ನೂ ಬೈಯುವವಳಿದ್ದೆ. ಮಗಳು ನೀಲಾ ಹುಟ್ಟಿದಾಗ, ಬಾಣಂತಿಗೆ ನೀರು ಕೊಡಬಾರದೆಂದು ಮನೆಯವರೆಲ್ಲ ಸೇರಿ ನನ್ನ ಕೋಣೆಯಿಂದ ಕೊಡವನ್ನೇ ಎತ್ತಿಸಿದ್ದರು. ಆಗ ಅತ್ತೆ ಸೆರಗಿನ ಮರೆಯಲ್ಲಿ ತಂದು ಕುಡಿಸಿದ್ದೂ ಇದೇ ಚೆಂಬಿನಿಂದ.