ತಾಯಿಮರಕ್ಕೆ ಕಟ್ಟಿದ ಕಸಿ

ನರ್ಸರಿ ಮನೆ,
ಮಾರ್ಚ್ ಒಂಬತ್ತು, ಭಾನುವಾರ ಮಧ್ಯಾಹ್ನ

ಪ್ರೀತಿಯ ನರ್ಸಮ್ಮನಿಗೆ ನಿನ್ನ ಅತ್ತೆಯ ತುಂಬು ಹೃದಯದ ಆಶೀರ್ವಾದ.

ಹೇಗಿದ್ದೀಯಾ ತಾಯಿ? ರಾತ್ರಿ ಪಾಳಿ ಮುಗಿಯಿತೇ, ಇಲ್ಲ ಇನ್ನೂ ಅದೇ ಗೋಳೇ? ಬೆನ್ನುನೋವು ಎಂದಿದ್ದೆಯಲ್ಲ, ಈಗ ವಾಸಿಯೇ? ಭಾರ ಎತ್ತುವಾಗ ಮಂಡಿ ಬಗ್ಗಿಸಿ ಎತ್ತಬೇಕು ಅತ್ತೆ ಎಂದು ನನಗೆ ಪಾಠ ಹೇಳುವವಳು ನೀನು. ಊರಿಗೆಲ್ಲ ಹೇಳುವ ಬುದ್ಧಿ ನಿನ್ನ ಮೈಗೆ ಬಂದಾಗ ಮಾತ್ರ ಎಲ್ಲಿ ಹೋಗುತ್ತದೋ. ಹೊತ್ತಿಗೆ ಸರಿಯಾಗಿ ಊಟ ಮಾಡು, ಬರೀ ಕಾಫಿ ಕುಡಿದು ಕೆಲಸಕ್ಕೆ ಓಡಬೇಡ. ಪುಟ್ಟಿ ಚೆನ್ನಾಗಿದ್ದಾಳೆ. ಮುಂದಿನ ಎರಡು ಹಲ್ಲು ಬಿದ್ದಿವೆ, ನಕ್ಕರೆ ಥೇಟ್ ನಿನ್ನ ಮಾವನೇ. ಅವಳ ಬಾಯಿಗೆ ಮಾತ್ರ ಬಿಡುವಿಲ್ಲ, ಆ ವಿಷಯದಲ್ಲಿ ನನ್ನ ಮೊಮ್ಮಗಳೇ ಸರಿ.

ಈ ಕಾಲದಲ್ಲಿ ಕಾಗದ ಯಾಕೆ, ಫೋನಿನಲ್ಲಿ ಹೇಳಬಾರದೇ ಎಂದು ನೀನು ಕೇಳುತ್ತೀಯ. ಫೋನಿನಲ್ಲಿ ನಿನ್ನ ಮುಖ ಕಂಡ ಕೂಡಲೇ ನನ್ನ ಬಾಯಿ ಕಟ್ಟುತ್ತದೆ. ಅಷ್ಟರಲ್ಲಿ ಪುಟ್ಟಿ ಬಂದು ಕಿತ್ತುಕೊಳ್ಳುತ್ತಾಳೆ. ಅದೂ ಅಲ್ಲದೆ, ಕಳೆದ ತಿಂಗಳಿಂದ ಆ ಫೋನಿನಲ್ಲಿ ನಾನು, ನಿನ್ನ ಮಾವ, ನಿನ್ನ ಗಂಡ ಮೂವರೂ ನಿನಗೆ ಸುಳ್ಳು ಹೇಳುತ್ತಿದ್ದೇವೆ. ‘ನನ್ನ ಕಿತ್ತಳೆ ಹೇಗಿದೆ ಮಾವ’ ಎಂದು ನೀನು ಕೇಳಿದಾಗ ಇವರು ‘ಹೂ ಬಿಟ್ಟಿದೆ ಕಣಮ್ಮ’ ಎಂದರಲ್ಲ, ಆಗ ಆ ಮರ ಇರಲೇ ಇಲ್ಲ. ನರ್ಸರಿಯಲ್ಲಿ ಈಗ ಒಂದು ಸಸಿಯೂ ಇಲ್ಲ. ಎಲ್ಲವನ್ನೂ ಸುಟ್ಟು ಹಾಕಿದ್ದಾಯಿತು.

ಮೊದಲಿನಿಂದ ಹೇಳುತ್ತೇನೆ, ಸಮಾಧಾನವಾಗಿ ಓದು. ಎರಡು ವರ್ಷದ ಹಿಂದೆ ರಜೆಗೆ ಬಂದಾಗ, ಪುಟ್ಟಿಗೆ ತಂದ ಮಳೆಯಂಗಿಯ ತೋಳಿನೊಳಗಿಂದ ಆ ಕಡ್ಡಿಗಳನ್ನು ತೆಗೆದೆಯಲ್ಲ. ಒದ್ದೆ ಹತ್ತಿ ಸುತ್ತಿ, ಮುರಿದ ಬೆರಳಿಗೆ ಕಟ್ಟುವ ಹಾಗೆ ನೀಟಾಗಿ ಪಟ್ಟಿ ಕಟ್ಟಿದ್ದೆ. ನಿಮ್ಮ ಆಸ್ಪತ್ರೆಯ ಅಂಗಳದ ಕಿತ್ತಳೆ ಮರದ್ದು, ಹಣ್ಣಿನಲ್ಲಿ ಬೀಜವೇ ಇಲ್ಲ, ಹಲ್ಲಿಲ್ಲದ ಮುದುಕರೂ ಆಸೆಪಟ್ಟು ತಿನ್ನುತ್ತಾರೆ, ಮಾವನಿಗೆ ಅಂತಲೇ ತಂದೆ ಎಂದೆ. ಇವರು ಮಗುವಿನ ಹಾಗೆ ಎರಡೂ ಕೈ ಚಾಚಿದರು. ವಿಮಾನ ನಿಲ್ದಾಣದಲ್ಲಿ ಯಾರೂ ಕೇಳಲಿಲ್ಲವೇ ಎಂದಿದ್ದಕ್ಕೆ, ‘ಕೇಳಿದ್ರು ಮಾವ, ಗಿಡ, ಬೀಜ ಏನಾದ್ರೂ ಇದೆಯಾ ಅಂತ. ಇಲ್ಲ ಅಂದೆ. ಕಡ್ಡಿ ಗಿಡ ಹೇಗಾಗುತ್ತೆ?’ ಎಂದು ನಕ್ಕೆ. ನಾವೂ ನಕ್ಕೆವು. ಕಡ್ಡಿಯನ್ನು ಗಿಡ ಮಾಡುವುದೇ ಈ ಮನೆಯ ಕಸುಬು, ಆದರೂ ನಕ್ಕೆವು.

ನಿನ್ನ ಮಾವನ ಪದ್ಧತಿ ನಿನಗೆ ಗೊತ್ತು. ಹೊರಗಿನಿಂದ ಯಾವ ಕಡ್ಡಿ ಬಂದರೂ ಮೊದಲು ಹಿತ್ತಲ ಮೂಲೆಯಲ್ಲಿ ಬೇರೆ ಕುಂಡದ ಗಿಡಕ್ಕೆ ಕಸಿ ಕಟ್ಟುವವರು. ಎರಡು ವರ್ಷ ಅದನ್ನು ಒಂಟಿಯಾಗಿಟ್ಟು, ಎಲೆ ಎಲೆಯನ್ನೂ ತಿರುವಿ ನೋಡಿ, ಆಮೇಲೆ ಉಳಿದ ಗಿಡಗಳ ಹತ್ತಿರ ಬಿಡುವವರು. ಸ್ವಂತ ತಮ್ಮ ತಂದ ನಿಂಬೆಗೂ ಆ ಶಿಕ್ಷೆ ತಪ್ಪಲಿಲ್ಲ. ಅಂಥ ಮನುಷ್ಯ ನಿನ್ನ ಕಡ್ಡಿಯನ್ನು ಮಾರನೆಯ ಬೆಳಿಗ್ಗೆಯೇ ತಾಯಿಮರಕ್ಕೆ ಕಟ್ಟಿಬಿಟ್ಟರು. ನಾವು ಮಾರುವ ಪ್ರತಿಯೊಂದು ಕಿತ್ತಳೆ ಸಸಿಗೂ ಕಸಿ ಕಟ್ಟಲು ಮೊಗ್ಗು ತೆಗೆಯುತ್ತಿದ್ದದ್ದು ಆ ಒಂದು ಮರದಿಂದಲೇ. ‘ಏನ್ರೀ ಇದು, ಕುಂಡ ಇರ್ಲಿಲ್ವಾ’ ಎಂದೆ. ‘ಮನೆಗೆ ಬಂದ ಸೊಸೆನ ಎರಡು ವರ್ಷ ಬಾಗಿಲ ಹೊರಗೆ ಕೂರಿಸ್ತಾರೇನೆ?’ ಎಂದರು. ಸೊಸೆಯನ್ನು ಕಂಡರೆ ಇವರಿಗೆ ಎಷ್ಟೊಂದು ಅಕ್ಕರೆ ಎಂದುಕೊಂಡೆ, ಒಳಗೊಳಗೇ ಸ್ವಲ್ಪ ಹೊಟ್ಟೆಕಿಚ್ಚೂ ಪಟ್ಟೆ.

ನೀನು ತಂದ ಕೊಂಬೆ ಚೆನ್ನಾಗಿಯೇ ಚಿಗುರಿತು. ಆಮೇಲೆ ಅದರ ಎಲೆಗಳು ಒಂದು ಪಕ್ಕ ಮಾತ್ರ ಹಳದಿಯಾದವು. ಗೊಬ್ಬರ ಸಾಲದೇನೋ ಎಂದುಕೊಂಡರು. ಗೊಬ್ಬರ ಹಾಕಿದ ಮೇಲೆ ಇಡೀ ಮರಕ್ಕೇ ಹರಡಿತು. ಹಣ್ಣು ಸೊಟ್ಟಗಾಗಿ, ಹಣ್ಣಾದರೂ ಅರ್ಧ ಹಸಿರಾಗಿಯೇ ಉಳಿದು, ಬಾಯಿಗಿಟ್ಟರೆ ಕಹಿ. ನಮ್ಮಲ್ಲಿ ಸಸಿ ಕೊಂಡವರು ಒಬ್ಬೊಬ್ಬರೇ ಹಳದಿ ಎಲೆ ಹಿಡಿದುಕೊಂಡು ಬರತೊಡಗಿದರು. ಅವರಲ್ಲೇ ಯಾರೋ ಗಿಡಗಳ ರೋಗ ನೋಡುವ ಸರ್ಕಾರಿ ಕಚೇರಿಗೆ ತಿಳಿಸಿದ್ದಾರೆ. ಅಲ್ಲಿಂದ ಒಬ್ಬ ಇನ್‌ಸ್ಪೆಕ್ಟರಮ್ಮ ಬಂದಳು, ನಿನ್ನ ವಯಸ್ಸಿನವಳೇ. ಗೇಟಿನಲ್ಲಿ ಔಷಧಿ ನೀರಿನ ತಟ್ಟೆ ಇಡಿಸಿದಳು, ಒಳಗೆ ಬರುವವರೂ ಹೊರಗೆ ಹೋಗುವವರೂ ಚಪ್ಪಲಿ ಅದ್ದಿಯೇ ಹೋಗಬೇಕು. ಎಲೆ ಪರೀಕ್ಷೆಗೆ ಹೋಯಿತು, ಉತ್ತರ ಬಂತು. ಈ ರೋಗಕ್ಕೆ ಮದ್ದೇ ಇಲ್ಲವಂತೆ. ಎಳ್ಳಿನಷ್ಟು ಹುಳು ಒಂದು ಮರದ ರಸ ಹೀರಿ ಇನ್ನೊಂದಕ್ಕೆ ದಾಟಿಸುತ್ತದಂತೆ. ನಮ್ಮ ಗೇಟಿನಿಂದ ಒಂದು ಎಲೆಯೂ ಆಚೆ ಹೋಗಬಾರದು, ಕಿತ್ತಳೆ, ನಿಂಬೆ ಜಾತಿಯದು ಏನಿದ್ದರೂ ಕಡಿದು ಸುಡಬೇಕು, ಕಾನೂನು ಅದು ಎಂದಳು. ಹೇಳುವಾಗ ಅವಳೂ ಇವರ ಮುಖ ನೋಡಲಿಲ್ಲ.

ತಾಯಿಮರವನ್ನು ಇವರೇ ಕಡಿದರು. ಕೂಲಿಯವರನ್ನು ಹತ್ತಿರ ಸೇರಿಸಲಿಲ್ಲ. ನಿನ್ನ ಗಂಡ ಸಸಿಗಳನ್ನು ಕೈಗಾಡಿಯಲ್ಲಿ ತಂದು ತಂದು ಗುಂಡಿಗೆ ಸುರಿದ. ಹಸಿ ಮರ ಅಷ್ಟು ಸುಲಭಕ್ಕೆ ಉರಿಯುತ್ತದೆಯೇ, ಡೀಸೆಲ್ ಹಾಕಿ ಹಾಕಿ ಸುಟ್ಟರು. ಬೀದಿಯೆಲ್ಲ ಕಿತ್ತಳೆ ಸಿಪ್ಪೆ ಕಮರಿದ ವಾಸನೆ, ಒಣಗಹಾಕಿದ ಬಟ್ಟೆಗೂ ಅದೇ. ಅಂದಿನಿಂದ ಇವರು ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ. ಊಟಕ್ಕೆ ಕರೆದರೆ ಎದ್ದು ಬರುತ್ತಾರೆ, ಉಂಡು ಮತ್ತೆ ಮಲಗುತ್ತಾರೆ. ಬೇಕೆಂದೇ ಉಪ್ಪು ಹಾಕದೆ ಬಡಿಸಿದೆ, ಹಾಗೇ ತಿಂದು ಎದ್ದುಹೋದರು. ನನ್ನ ಜೊತೆ ಜಗಳಕ್ಕೂ ಬಾರದ ಈ ಮನುಷ್ಯನನ್ನು ಇಟ್ಟುಕೊಂಡು ಏನು ಮಾಡಲಿ, ನನಗೆ ಹೆದರಿಕೆಯಾಗುತ್ತದೆ.

ಇಲ್ಲಿಗೇ ಮುಗಿದಿದ್ದರೆ ನಮ್ಮ ಹಣೆಬರಹ ಎಂದು ಅತ್ತು ಸುಮ್ಮನಾಗುತ್ತಿದ್ದೆ. ಮುಗಿಯಲಿಲ್ಲ. ಇನ್‌ಸ್ಪೆಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು, ‘ಇದು ಎಲ್ಲಿಂದ ಬಂತು, ಯಾವಾಗ ಬಂತು, ನಿಜ ಹೇಳಿ. ಗೊತ್ತಾದ್ರೆ ಅಲ್ಲಿಂದೀಚೆಗೆ ನಿಮ್ಮಿಂದ ಹೋದ ಸಸಿಗಳನ್ನ ಮಾತ್ರ ಹುಡುಕಿ ತೆಗೀತೀವಿ. ಗೊತ್ತಾಗ್ಲಿಲ್ಲ ಅಂದ್ರೆ ಸುತ್ತಮುತ್ತಲಿನ ಕಿತ್ತಳೆ, ನಿಂಬೆ ಮರ ಎಲ್ಲಾನೂ ಕಡೀಲೇಬೇಕು’ ಎಂದಳು. ಇವರು ‘ಗಾಳೀಲಿ ಬಂದಿರ್ಬೇಕು’ ಎಂದರು. ನಿನ್ನ ಗಂಡ ಹೌದು ಎಂದ. ನಾನೂ ತಲೆಯಾಡಿಸಿದೆ. ಪರದೇಶದಿಂದ ಬಚ್ಚಿಟ್ಟು ಗಿಡ ತಂದವರ ಮೇಲೆ ಕೇಸು ಹಾಕುತ್ತಾರೆ, ಜೈಲೂ ಆಗಬಹುದು. ಕೇಸಿರುವ ನರ್ಸನ್ನು ಯಾವ ಆಸ್ಪತ್ರೆ ಇಟ್ಟುಕೊಳ್ಳುತ್ತದೆ? ಈಗ ಮನೆ ನಡೆಯುತ್ತಿರುವುದೇ ನಿನ್ನೊಬ್ಬಳ ಸಂಬಳದಲ್ಲಿ. ಏನೇ ಆದರೂ ನಿನ್ನ ಹೆಸರು ಎತ್ತಬಾರದೆಂದು ಇವರು ನಮ್ಮಿಬ್ಬರಿಂದಲೂ ಮಾತು ತೆಗೆದುಕೊಂಡರು.

ಹೋದ ವಾರ ಬೀದಿಯ ಕಿತ್ತಳೆ, ನಿಂಬೆ ಮರಗಳಿಗೆಲ್ಲ ಕೆಂಪು ಬಣ್ಣ ಬಳಿಯತೊಡಗಿದರು. ಕೆಂಪು ಬಳಿದರೆ ಕಡಿಯುವುದು ಎಂದರ್ಥ. ಶಾಲೆಯ ಅಂಗಳದ ಸಾಲಿಗೆ ಬಳಿದರು, ಆಚೆ ಬೀದಿಗೂ ಹೋದರು, ಪಕ್ಕದ ಮನೆ ದರ್ಜಿಯಮ್ಮನ ಮರಕ್ಕೂ ಬಳಿದರು. ಅದು ಅವಳ ಗಂಡ ನೆಟ್ಟ ಮರ. ಅವನು ಹೋದ ಮೇಲೆ ಹೊಲಿಗೆ ಮಿಷನ್ನನ್ನು ಅದರ ನೆರಳಿಗೇ ತಂದಿಟ್ಟುಕೊಂಡಳಲ್ಲ. ಅದರಲ್ಲಿ ಹುಡುಕಿದರೂ ಒಂದು ಹಳದಿ ಎಲೆಯಿಲ್ಲ. ಬಣ್ಣ ಬಳಿದ ದಿನ ಸಂಜೆ ನಮ್ಮ ಮನೆಗೆ ಬಂದಳು. ಬೈಯಲು ಬಂದಿದ್ದಾಳೆ, ಬೈಯಲಿ ಎಂದು ಕಾದು ಕೂತೆ. ಅವಳು ನನ್ನ ಕೈ ಹಿಡಿದುಕೊಂಡು, ‘ನಿಮ್ಮದು ಪೂರ್ತಿ ಹೋಯ್ತಲ್ಲಕ್ಕ, ನಿಮ್ಮ ಮುಂದೆ ನಾನು ಏನಂತ ಹೇಳ್ಕೊಳ್ಳಲಿ. ಗಾಳೀಲಿ ಬಂದಿದ್ದಕ್ಕೆ ಯಾರು ಏನು ಮಾಡೋಕಾಗುತ್ತೆ’ ಎಂದಳು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ಹೋಗುವವರೆಗೂ ನಾನು ತುಟಿ ಪಿಟಕ್ಕೆನ್ನಲಿಲ್ಲ. ನಾನು, ತುಟಿ ಪಿಟಕ್ಕೆನ್ನಲಿಲ್ಲ ಎಂದರೆ ನೀನು ನಂಬುತ್ತೀಯಾ?

ನಿನ್ನ ಮೇಲೆ ಕೋಪವಿಲ್ಲ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಇದೆ. ಆ ಕಡ್ಡಿ ಕೊಯ್ಯುವಾಗ ನಿನ್ನ ಕೈ ಯಾಕೆ ತಡೆಯಲಿಲ್ಲ ಎಂದು ದಿನಕ್ಕೆ ಹತ್ತು ಸಲ ಬೈದುಕೊಳ್ಳುತ್ತೇನೆ, ಆಮೇಲೆ ನೀನು ಉಂಡೆಯೋ ಇಲ್ಲವೋ ಎಂದು ಯೋಚನೆ ಹತ್ತುತ್ತದೆ. ನೀನು ಪ್ರೀತಿಯಿಂದ ತಂದೆ, ಇವರು ಪ್ರೀತಿಯಿಂದ ಕಟ್ಟಿದರು. ಇದರಲ್ಲಿ ಯಾರನ್ನು ಹಿಡಿದು ಹೊಡೆಯಲಿ ಹೇಳು. ಮೈ ಕಡೆ ಗಮನವಿರಲಿ. ನಿನ್ನ ಕೋಣೆಯ ಹುಡುಗಿಯರಿಗೆಲ್ಲ ನಾನು ಕೇಳಿದೆನೆಂದು ಹೇಳು. ಎಲ್ಲಿದ್ದರೂ ನೀನು ತಣ್ಣಗಿರು.

ನಿನ್ನ ಒಳಿತನ್ನೇ ಬೇಡುವ
ಬಾಯಿಬಡುಕಿ ಅತ್ತೆ

ತಾ.ಕ. ಇದನ್ನು ಮರೆತು ಕೊನೆಗೆ ಬರೆಯುತ್ತಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಮೊನ್ನೆ ಬೆಳಿಗ್ಗೆ ನಾನೊಬ್ಬಳೇ ಆ ಕಚೇರಿಗೆ ಹೋಗಿ ಇನ್‌ಸ್ಪೆಕ್ಟರಮ್ಮನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ನಿನ್ನ ಹೆಸರನ್ನೂ. ಹೆಸರೊಂದು ಬಿಟ್ಟು ಬರೆದುಕೊಳ್ಳಮ್ಮ ಎಂದು ಕೈ ಮುಗಿದೆ, ಆಗುವುದಿಲ್ಲ ಎಂದಳು. ನಿನ್ನೆಯಿಂದ ಬಣ್ಣ ಬಳಿಯುವುದು ನಿಂತಿದೆ, ಶಾಲೆಯ ಮರಗಳು ಉಳಿದವು. ದರ್ಜಿಯಮ್ಮನದು ಮಾತ್ರ ನಮ್ಮ ಗೋಡೆಗೇ ತಾಗಿಕೊಂಡಿದೆ ಎಂದು ನಾಳೆ ಕಡಿಯುತ್ತಾರೆ. ಇವರಿಗೂ ನಿನ್ನ ಗಂಡನಿಗೂ ನಾನಿನ್ನೂ ಹೇಳಿಲ್ಲ, ಮೊದಲು ನಿನಗೆ ತಿಳಿಯಲಿ. ಬರುವ ತಿಂಗಳು ರಜೆಗೆ ಬರಬೇಡ ಮಗಳೇ, ವಿಮಾನ ಇಳಿಯುತ್ತಲೇ ಹಿಡಿಯುತ್ತಾರಂತೆ. ಪುಟ್ಟಿಗೆ ನಾನು ಏನು ಹೇಳಲಿ, ಅದೊಂದನ್ನು ಬರೆದು ಕಳಿಸು.